ಬಿಳಿ ಹಲ್ಲಿನ ಮೇಂಟೆನೆನ್ಸ್

ನಮ್ಮ ಟೀಮಿನ ಹಳೇ ಫೋಟೋಗಳಲ್ಲೆಲ್ಲ ನಾನು ಬಾಯಿ ಮುಚ್ಕೊಂಡೇ ನಿಂತಿರ್ತೀನಿ. ಗಂಭೀರ ಸ್ವಭಾವ ಅಂತ ಎಲ್ಲರೂ ಅಂದ್ಕೊಂಡಿದ್ರು. ಸ್ವಭಾವ ಅಲ್ಲ, ಹಲ್ಲು.

ನಾನು ಪಾವಗಡದ ಕಡೆಯವನು. ನಮ್ಮಲ್ಲಿ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಲೆಕ್ಕ ಇದೆ, ಬೋರ್‌ವೆಲ್‌ಗೆ ಆ ಲೆಕ್ಕ ಗೊತ್ತಿಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗಲೇ ಪಟ್ಟೆ ಹೊತ್ಕೊಂಡು ಬರುತ್ತೆ, ಆಮೇಲೆ ಅದು ಕಂದಾಗುತ್ತೆ. ಊರ ಶಾಲೆಯಲ್ಲಿ ಎಷ್ಟೋ ಜನರದ್ದು ಹಂಗೇ ಇದ್ದಿದ್ದರಿಂದ ಅದೊಂದು ವಿಷಯಾನೇ ಆಗಿರಲಿಲ್ಲ. ಬಿಇ ಸೇರಿದ ಮೊದಲ ವಾರ ಹಾಸ್ಟೆಲ್‌ನಲ್ಲಿ ಒಬ್ಬ "ಗುಟ್ಕಾ ಹಾಕ್ತೀಯಾ ಮಗಾ?" ಅಂದ. ಅವತ್ತಿಂದ ನಗು ಬಂದ್.

ಹೋದ ವರ್ಷ ಮದುವೆ ಗೊತ್ತಾದಾಗ ಧೈರ್ಯ ಮಾಡಿ ಡೆಂಟಿಸ್ಟ್ ಹತ್ರ ಹೋದೆ. ಎರಡು ಸಿಟ್ಟಿಂಗ್, 18,000 ರೂಪಾಯಿ. ಪಟ್ಟೆ ಪೂರ್ತಿ ಹೋಗಲಿಲ್ಲ, ಆದ್ರೆ ತಿಳಿಯಾಯ್ತು. ಕನ್ನಡಿ ಮುಂದೆ ಹತ್ತು ನಿಮಿಷ ಹುಚ್ಚನ ಥರ ಹಲ್ಲು ಕಿರಿದೆ.

"ಇದು ಒನ್ ಟೈಮ್ ಫಿಕ್ಸ್ ಅಲ್ಲ, ಮೇಂಟೆನೆನ್ಸ್ ಬೇಕು" ಅಂದ್ರು ಡಾಕ್ಟರ್. ನಮ್ಮ ಭಾಷೆಯಲ್ಲೇ ಹೇಳಿದ್ರು ನೋಡಿ! ಮೊದಲ 48 ಗಂಟೆ ಬಣ್ಣದ್ದೇನೂ ತಿನ್ನಂಗಿಲ್ಲ. ಕಾಫಿ, ಟೀ, ಅರಿಶಿನ ಹಾಕಿದ ಸಾರು, ಬೀಟ್‌ರೂಟ್ ಎಲ್ಲ ಬಂದ್. ಮೊಸರನ್ನ, ಸಾಂಬಾರಿಲ್ಲದ ಇಡ್ಲಿ ತಿಂದ್ಕೊಂಡು ಬದುಕಿದೆ. ಆಮೇಲೆ ಕಾಫಿ ಕುಡೀಬಹುದು, ಆದ್ರೆ ಕುಡಿದ ಕೂಡ್ಲೆ ನೀರಲ್ಲಿ ಬಾಯಿ ಮುಕ್ಕಳಿಸಬೇಕು. ನಿಂಬೆ ಶರಬತ್ತು ಕುಡಿದ್ರೆ ಅರ್ಧ ಗಂಟೆ ಬ್ರಷ್ ಮುಟ್ಟಬಾರದು. ಇದ್ದಿಲು, ಬೂದಿ ಹಾಕಿ ಉಜ್ಜಲೇಬಾರದು: ಮೇಲಿನ ಎನಾಮೆಲ್ ಸವೆದು ಒಳಗಿನ ಹಳದಿ ಕಾಣುತ್ತೆ, ಸವೆದ ಎನಾಮೆಲ್ ಮತ್ತೆ ಬೆಳೆಯಲ್ಲ. ಬಣ್ಣ ಮಂಕಾದ್ರೆ ಟಚಪ್, ಅದೂ ಪದೇ ಪದೇ ಅಲ್ಲ.

ಇಷ್ಟೆಲ್ಲ ಪಾಲಿಸ್ತಾ ಹಬ್ಬಕ್ಕೆ ಊರಿಗೆ ಹೋದೆ. ಅಣ್ಣನ ಮಗಳು, ನಾಲ್ಕು ವರ್ಷದವಳು, ನನ್ನ ಬಾಯೊಳಗೇ ಇಣುಕಿ "ಚಿಕ್ಕಪ್ಪಾ, ನಿನ್ ಹಲ್ಲು ಅಪ್ಪನ್ ಥರ ಯಾಕಿಲ್ಲ?" ಅಂದ್ಳು. ಅವಳದ್ದು ಇನ್ನೂ ಬೆಳ್ಳನೆ ಹಾಲುಹಲ್ಲು. ಡಾಕ್ಟರ್ ಹೇಳಿದ್ದು ನೆನಪಾಯ್ತು: ಈ ಕಲೆ ಹೊರಗಿಂದ ಅಂಟಿದ್ದಲ್ಲ. ದವಡೆಯೊಳಗೆ ಹಲ್ಲು ತಯಾರಾಗುವಾಗ, ಅಂದ್ರೆ ಹೆಚ್ಚುಕಮ್ಮಿ ಎಂಟು ವರ್ಷದೊಳಗೇ ಆಗಿಹೋಗುತ್ತೆ.

"ಕುಡಿಯೋಕೆ ಯಾವ ನೀರು ಅತ್ತಿಗೆ?" ಅಂದೆ.

"ಕ್ಯಾನ್ ನೀರೇ. ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ಹಾಕಿದ್ರೆ ಇಪ್ಪತ್ತು ಲೀಟರ್."

ಸಮಾಧಾನ ಆಯ್ತು. ಅಷ್ಟರಲ್ಲಿ ಅಮ್ಮ ಆರು ತಿಂಗಳ ಪಾಪುಗೆ ರಾಗಿ ಸರಿ ಮಾಡೋಕೆ ನಲ್ಲಿಯಿಂದ ಬೋರ್‌ವೆಲ್ ನೀರು ಹಿಡಿದು ಒಲೆ ಮೇಲಿಟ್ರು.

"ಅಮ್ಮಾ, ಅದು ಬೇಡ."

"ಕುದಿಸ್ತೀನಲ್ಲೋ."

"ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ."

"ಅಡುಗೆಗೂ ಕ್ಯಾನ್ ಅಂದ್ರೆ ಹೊರೋರ್ಯಾರು? ನಿಮಗೆಲ್ಲ ಇದೇ ನೀರಲ್ಲಿ ತಾನೆ ಮಾಡಿದ್ದು?"

ಅಂದವರೇ ಅಮ್ಮ ಸುಮ್ಮನಾದ್ರು. ನನ್ನ ಹಲ್ಲು ನೋಡಿದ್ರು, ಅಣ್ಣನ ಹಲ್ಲೂ ನೋಡಿದ್ರು. ನಾನು ಆ ಮಾತು ಎತ್ತಬಾರದಿತ್ತು ಅನ್ನಿಸ್ತು. ಆಗ ಅವರಿಗೆ ಬೇರೆ ನೀರು ಎಲ್ಲಿತ್ತು?

ರಾತ್ರಿ ಫೋನಲ್ಲಿ ಲೆಕ್ಕ ಹಾಕಿದೆ. ದಿನಕ್ಕೆ ಒಂದು ಕ್ಯಾನ್ ಜಾಸ್ತಿ, ಐದು ರೂಪಾಯಿ. ಎಂಟು ವರ್ಷಕ್ಕೆ 14,600. ನನ್ನ ಎರಡು ಸಿಟ್ಟಿಂಗ್‌ಗಿಂತ ಕಮ್ಮಿ! ದುಡ್ಡು ನಂದು, ಬೈಕಲ್ಲಿ ತರೋದು ನಿಂದು ಅಂತ ಅಣ್ಣನ ಹತ್ರ ಒಪ್ಪಂದ ಆಯ್ತು. ಘಟಕ ಕೆಟ್ಟು ನಿಂತ ದಿನ ಪಕ್ಕದೂರಿಗೆ ಹೋಗ್ಬೇಕು, ಅದಕ್ಕೂ ಗೊಣಗುತ್ತಲೇ ಹೂಂ ಅಂದ.

ಮೊನ್ನೆ ಟಚಪ್‌ಗೆ ಬನ್ನಿ ಅಂತ ಕ್ಲಿನಿಕ್ಕಿಂದ ಮೆಸೇಜ್ ಬಂತು. ಕಾಫಿ ಬಿಡೋಕಾಗದೆ ನನ್ನದು ಸ್ವಲ್ಪ ಮಂಕಾಗಿದೆ ನಿಜ. ಇರ್ಲಿ, ನೋಡೋಣ. ದಿನಾ ಸಂಜೆ ಊರಿಗೆ ಫೋನ್ ಮಾಡಿ "ಊಟ ಆಯ್ತಾ" ಅನ್ನೋಕೆ ಮುಂಚೆ "ಯಾವ ನೀರಲ್ಲಿ ಮಾಡಿದ್ರಿ" ಅಂತ ಕೇಳ್ತೀನಿ. ಅಮ್ಮ ಬೈತಾರೆ. ಬೈದು, "ಕ್ಯಾನ್ ನೀರೇ ಕಣೋ" ಅಂತಾರೆ.