ಹೊಳೆಬಾಗಿಲಿನ ಲಾಂಚ್ ಮತ್ತು ಅದರ ಟೈಮಿಂಗ್ಸ್

ಸಿಗಂದೂರು ಲಾಂಚ್ ಬಗ್ಗೆ ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಭೂಗೋಳ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಹಿನ್ನೀರು ತುಂಬಿದಾಗ ಎಷ್ಟೋ ಹಳ್ಳಿಗಳು ಮುಳುಗಿದವು. ಮುಳುಗದೆ ಉಳಿದವುಗಳಲ್ಲಿ ಕೆಲವು ಇನ್ನೊಂದು ದಡಕ್ಕೆ ಸೇರಿಹೋದವು. ಸಾಗರ ತಾಲೂಕಿನ ತುಮರಿ ಮತ್ತು ಸುತ್ತಮುತ್ತಲ ಊರುಗಳ ಕಥೆ ಇದೇ. ತಾಲೂಕು ಕೇಂದ್ರ ಈ ಕಡೆ, ಊರು ಆ ಕಡೆ, ನಡುವೆ ಸಮುದ್ರದ ಹಾಗೆ ನೀರು. ಪೂರ್ತಿ ದ್ವೀಪವೇನಲ್ಲ, ಕಾಡಿನ ದಾರಿಯಲ್ಲಿ ಸುತ್ತಿ ಬಳಸಿ ಬರಬಹುದು. ಆದ್ರೂ ಅಲ್ಲಿಯವರು ತಮ್ಮನ್ನು 'ದ್ವೀಪದವರು' ಅಂತಲೇ ಹೇಳಿಕೊಳ್ಳೋದು. ಸಾಗರಕ್ಕೆ ಬರೋಕೆ ಅವರಿಗಿದ್ದ ನೇರ ದಾರಿ ಅಂದ್ರೆ ಲಾಂಚ್.

2025ರ ಜನವರಿಯಲ್ಲಿ, ಸಿಗಂದೂರು ಚೌಡೇಶ್ವರಿ ಜಾತ್ರೆ ಮುಗಿದ ಮೇಲೆ, ನಾನು ಒಬ್ಬಳೇ ಹೊರಟೆ. ಅದೇ ತಿಂಗಳ 5ರಂದು ನಾ. ಡಿಸೋಜ ತೀರಿಕೊಂಡಿದ್ದರು. ಸಾಗರದವರು, ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿದವರು, 'ಮುಳುಗಡೆ', 'ದ್ವೀಪ' ಬರೆದವರು. ಕಾಸರವಳ್ಳಿಯವರ 'ದ್ವೀಪ' ಸಿನಿಮಾವನ್ನು ಕಾಲೇಜಲ್ಲಿದ್ದಾಗ ಲ್ಯಾಪ್‌ಟಾಪ್‌ನಲ್ಲಿ ನೋಡಿದ್ದೆ. ಆ ನೀರು ನೋಡಬೇಕು ಅಂತ ಮನಸ್ಸಾಯ್ತು, ಜೊತೆಗೆ ಎರಡು ರಜೆ ಉಳಿದಿದ್ದವು. ಬೆಂಗಳೂರಿಂದ ರಾತ್ರಿ ರೈಲು, ಬೆಳಗ್ಗೆ ಸಾಗರ, ಅಲ್ಲಿಂದ ಬಸ್ಸಲ್ಲಿ ಹೊಳೆಬಾಗಿಲು.

ಲಾಂಚ್ ಅಂದ್ರೆ ಸಿನಿಮಾದಲ್ಲಿ ಬರೋ ಥರದ ಹಡಗಲ್ಲ. ಚಪ್ಪಟೆ ಕಬ್ಬಿಣದ ಒಂದು ದೊಡ್ಡ ಅಂಗಳ ಅಂದುಕೊಳ್ಳಿ. ದಡಕ್ಕೆ ಬಂದಾಗ ಮುಂದಿನ ಹಲಗೆ ಇಳಿಸ್ತಾರೆ, ಬಸ್ಸು, ಕಾರು, ಬೈಕು ಒಂದೊಂದಾಗಿ ಮೇಲೆ ಹತ್ತುತ್ತವೆ. ಎಲ್ಲಿ ಯಾವ ಗಾಡಿ ನಿಲ್ಲಬೇಕು ಅಂತ ಸಿಬ್ಬಂದಿ ಬರೀ ಕೈಸನ್ನೆಯಲ್ಲಿ ಹೇಳ್ತಾರೆ. ಎರಡು ಕಾರಿನ ಮಧ್ಯೆ ಒಂದು ಗೇಣು ಜಾಗ ಉಳಿದರೆ ಅಲ್ಲಿಗೆ ಬೈಕು. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಕಮಿಟಿಯವರು ಇಲ್ಲಿ ಬಂದು ಒಂದು ವಾರ ಟ್ರೈನಿಂಗ್ ತಗೋಬೇಕು.

ನನ್ನ ಪಕ್ಕ ನಿಂತಿದ್ದವರು ಎಪ್ಪತ್ತು ದಾಟಿದ ಒಬ್ಬ ಅಜ್ಜ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಪಂಪ್‌ಸೆಟ್ಟಿನ ಯಾವುದೋ ಬಿಡಿಭಾಗ.

"ಯಾವೂರಾಯ್ತು ತಂಗಿ?"

"ತುಮಕೂರು ಅಜ್ಜಾ, ಕೆಲಸ ಬೆಂಗಳೂರಲ್ಲಿ."

"ಒಬ್ಳೇ ಬಂದಿದ್ದಾ?"

ಈ ಪ್ರಶ್ನೆಯನ್ನು ಆ ದಿನ ನಾಲ್ಕು ಜನ ಕೇಳಿದರು. ಬೇರೆ ಕಡೆಯಾಗಿದ್ರೆ ಸಿಟ್ಟು ಬರ್ತಿತ್ತು. ಇಲ್ಲಿ ಅದು ಮಾತಿಗೆ ಎಳೆಯೋ ದಾರವಾಗಿತ್ತು, ಅಷ್ಟೇ. ಅಜ್ಜ ಹೊಸ ಸೇತುವೆಯ ಕಡೆ ಕೈ ತೋರಿಸಿದರು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಕಟ್ಟುತ್ತಿದ್ದ ಸೇತುವೆ ಆಗಲೇ ಮುಕ್ಕಾಲುಪಾಲು ಎದ್ದಿತ್ತು. "ಆ ಕಂಬ ಇದ್ಯಲ್ಲ, ಅದರ ಬುಡದ ಹತ್ರ ಎಲ್ಲೋ ನಮ್ಮಪ್ಪನ ಗದ್ದೆ. ನೀರು ಬಂದಾಗ ನಂಗೆ ಹತ್ತು ವರ್ಷ. ಎತ್ತಿನ ಗಾಡೀಲಿ ಸಾಮಾನು ಹೇರ್ಕಂಡು ಹೋದ್ವಿ." ಬೇಜಾರಲ್ಲೇನೂ ಹೇಳಲಿಲ್ಲ. ನಾವು ಹಳೇ ಆಫೀಸಿನ ಬಿಲ್ಡಿಂಗ್ ತೋರಿಸ್ತೀವಲ್ಲ, ಹಾಗೆ ತೋರಿಸಿದರು. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ ನೀರು ತಳ ಸೇರಿದಾಗ ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಒಂದು ಅಣೆಕಟ್ಟನ್ನೇ ಇನ್ನೊಂದು ಅಣೆಕಟ್ಟು ಮುಳುಗಿಸಿದೆ ಅಂದ್ರೆ ಗದ್ದೆ ಯಾವ ಲೆಕ್ಕ.

ನಮ್ಮ ಹಿಂದೆ ಕಾರಿನ ಬಾನೆಟ್ಟಿಗೆ ಒರಗಿ ನಿಂತ ಒಂದು ಗುಂಪು ರೀಲ್ಸ್ ಮಾಡುತ್ತಿತ್ತು. ಸೇತುವೆ ಫ್ರೇಮಲ್ಲಿ ಬರದ ಹಾಗೆ ಮೂಲೆ ಹುಡುಕುತ್ತಿದ್ದರು. ನಾನೂ ಒಂದು ಫೋಟೋ ಹಾಗೇ ತೆಗೆದಿದ್ದೆ ಅನ್ನಿ.

ಅಷ್ಟರಲ್ಲಿ ಮಾತಿಗೆ ಸೇರಿದವರು ಒಬ್ಬ ಅಮ್ಮ. ಸಾಗರದ ಆಸ್ಪತ್ರೆಯಿಂದ ಬಿಪಿ ಮಾತ್ರೆ ತಗೊಂಡು ವಾಪಸ್ ಹೊರಟಿದ್ದರು. "ಚೆಂದ ಉಂಟಾ?" ಅಂತ ನೀರಿನ ಕಡೆ ತಿರುಗಿ ಕೇಳಿದರು. ತುಂಬಾ ಚೆಂದ ಅಂದೆ. "ಹೌದು, ಚೆಂದವೇ. ಸಂಜೆ ಆದ್ಮೇಲೆ ಬಂದ್ ಆಗ್ತದೆ, ಅದೊಂದೇ" ಅಂದರು. ಆಮೇಲೆ ಅವರು ಹೇಳಿದ್ದನ್ನು ಕೇಳಿದ ಮೇಲೆ ಆ 'ಅದೊಂದೇ' ಎಷ್ಟು ದೊಡ್ಡದು ಅಂತ ಗೊತ್ತಾಯ್ತು. ದೊಡ್ಡ ಸೊಸೆಗೆ ಎಂಟು ತಿಂಗಳು ತುಂಬುತ್ತಿದ್ದ ಹಾಗೆ ಸಾಗರದಲ್ಲಿ ನೆಂಟರ ಮನೆಯಲ್ಲಿ ಬಿಟ್ಟಿದ್ದರಂತೆ. ಅವರ ಊರಲ್ಲಿ ಅದು ರೂಢಿ. ಹೆರಿಗೆ ನೋವು ಲಾಂಚಿನ ಟೈಮ್ ನೋಡ್ಕೊಂಡು ಬರೋದಿಲ್ವಲ್ಲ. ಒಂದೂವರೆ ತಿಂಗಳು ಇನ್ನೊಬ್ಬರ ಮನೆಯಲ್ಲಿ ಸೊಸೆ, ಇಲ್ಲಿ ಮಗ, ಅಡಿಕೆ ಕೊಯ್ಲು ಬೇರೆ. ರಾತ್ರಿ ತೀರಾ ಅರ್ಜೆಂಟಾದರೆ ಲಾಂಚಿನವರಿಗೆ ಫೋನ್ ಮಾಡಿ ಎಬ್ಬಿಸೋದು. "ಪಾಪ, ಬರ್ತಾರೆ ಮಾರಾಯ್ತಿ, ಬರಲ್ಲ ಅಂತ ಹೇಳಿದ್ದಿಲ್ಲ. ಆದ್ರೆ ಅವರು ಬರೋವರೆಗೆ ದಡದಲ್ಲಿ ನಿಂತ್ಕೋಬೇಕಲ್ಲ. ಆಗ ಹೊಳೆ ನೋಡಿದ್ರೆ ಚೆಂದ ಕಾಣಲ್ಲ."

ನಾನು ಕೆಲಸ ಮಾಡೋದು ಸರ್ವರ್‌ಗಳ ಜೊತೆ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯಿಂದ ನಡೀಬೇಕು ಅನ್ನೋದು ನಮ್ಮ ಮೊದಲ ಪಾಠ. ಪೇಮೆಂಟ್ ಆ್ಯಪ್ ನಾಲ್ಕು ನಿಮಿಷ ನಿಂತರೆ ನಾವು ರಾತ್ರಿಯೆಲ್ಲಾ ಕಾಲ್‌ನಲ್ಲಿರ್ತೀವಿ. ಇಲ್ಲಿ ಅರವತ್ತು ವರ್ಷ ದಿನಾ ಸಂಜೆ ದಾರಿಯೇ ನಿಂತುಹೋಗ್ತಿತ್ತು. ಅದೂ ಯಾರಿಗೋಸ್ಕರ? ರಾಜ್ಯಕ್ಕೆಲ್ಲಾ ಕರೆಂಟ್ ಕೊಡೋಕೆ ಜಾಗ ಬಿಟ್ಟ ಜನರಿಗೆ. ಬೆಂಗಳೂರಿನ ನನ್ನ ರೂಮಿನ ಫ್ಯಾನ್‌ಗೂ ಈ ನೀರಿಗೂ ಸಂಬಂಧ ಇದೆ ಅಂತ ಅವತ್ತಿನವರೆಗೆ ನಾನು ಯೋಚಿಸಿರಲಿಲ್ಲ.

ಹದಿನೈದು ನಿಮಿಷಕ್ಕೆ ಕಳಸವಳ್ಳಿ ದಡ ಬಂತು. ಅಮ್ಮ ಇಳಿಯುವಾಗ, "ಇವತ್ತು ಕರೆದ್ರೂ ನೀನು ಲಾಂಚ್ ತಪ್ತದೆ ಅಂತೀಯ. ಸೇತುವೆ ಆದ್ಮೇಲೆ ಬಾ, ಊಟ ಮಾಡ್ಕಂಡು ಹೋಗು" ಅಂತ ಫೋನ್ ನಂಬರ್ ಕೊಟ್ಟರು. ದೇವಸ್ಥಾನ ನೋಡಿ ಸಂಜೆ ವಾಪಸ್ ಬರುವಾಗ ದಡದ ಗೂಡಂಗಡಿಯಲ್ಲಿ ಚಹಾ ಕುಡಿದೆ. ಅಂಗಡಿಯಾಕೆಗೆ ಸೇತುವೆ ಸುದ್ದಿ ಎತ್ತಿದರೆ ನಗು ಬರಲಿಲ್ಲ. "ಜನ ಕಾಯ್ತಾರೆ ಅಂತ ತಾನೆ ಅಕ್ಕಾ ಮಂಡಕ್ಕಿ, ಚಹಾ ತಗೊಳ್ಳೋದು? ಸೇತುವೆ ಮೇಲೆ ಯಾರು ಕಾಯ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆಕೆಯ ಮಗಳು ಓದೋದು ಮಾತ್ರ ಸಾಗರದಲ್ಲಿ. ಅವಳಿಗೆ ಸೇತುವೆ ಬೇಕಂತೆ.

2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯ್ತು. 2.44 ಕಿಲೋಮೀಟರ್ ಉದ್ದ, ನಡುವೆ ಕೇಬಲ್‌ಗಳ ಆಸರೆ. ಅವತ್ತು ನನ್ನ ಫೀಡ್ ತುಂಬಾ 'ಮಿಸ್ ಯೂ ಲಾಂಚ್' ಅನ್ನೋ ವಿಡಿಯೋಗಳು, ಹಿಂದೆ ಬೇಸರದ ಮ್ಯೂಸಿಕ್. ನನಗೆ ಯಾಕೋ ಲೈಕ್ ಒತ್ತೋಕೆ ಮನಸ್ಸಾಗಲಿಲ್ಲ. ವರ್ಷಕ್ಕೊಮ್ಮೆ ಹೋಗಿ ಹದಿನೈದು ನಿಮಿಷ ಗಾಳಿ ಕುಡಿದು ಬರೋರು ನಾವು. ಲಾಂಚಿಗಾಗಿ ಅಳೋ ಹಕ್ಕು ಆ ಚಹಾದ ಅಂಗಡಿಯಾಕೆಗಿದೆ, ಲಾಂಚಿನ ಸಿಬ್ಬಂದಿಗಿದೆ. ನಮಗೆ ಅಷ್ಟಿಲ್ಲ.

ಅಕ್ಟೋಬರ್‌ನಲ್ಲಿ ಆಫೀಸಿನ ಇಬ್ಬರು ಗೆಳತಿಯರ ಜೊತೆ ಕಾರಲ್ಲಿ ಹೋದೆ. ಸೇತುವೆ ದಾಟೋಕೆ ಮೂರು ನಿಮಿಷವೂ ಬೇಕಾಗಲಿಲ್ಲ. ಯಾರೂ ಯಾರಿಗೂ "ಯಾವೂರಾಯ್ತು" ಅನ್ನಲಿಲ್ಲ, ನಿಜ. ಫೋನ್ ಮಾಡಿದ್ದೆ, ಅಮ್ಮ ರಸ್ತೆಗೇ ಬಂದು ನಿಂತಿದ್ದರು. ಮನೆಯಲ್ಲಿ ಕಿರಿ ಸೊಸೆ ತುಂಬು ಗರ್ಭಿಣಿ, ಒಂಬತ್ತನೇ ತಿಂಗಳು. ಜಗಲಿಯಲ್ಲಿ ಕೂತು ಫೋನ್ ನೋಡುತ್ತಿದ್ದಳು. ಇವಳನ್ನು ಸಾಗರಕ್ಕೆ ಕಳಿಸಿಲ್ವಾ ಅಂದೆ.

"ಎಂತಕ್ಕೆ? ಬ್ಯಾಗ್ ರೆಡಿ ಇಟ್ಟಿದೀವಿ, ಪಕ್ಕದ ಮನೆಯವರದ್ದು ಕಾರಿದೆ. ನೋವು ಬಂದ ದಿನ ಹೋದ್ರಾಯ್ತಪ್ಪ."

ಊಟ ತಡವಾಯ್ತು. ಬಾಳೆ ಎಲೆ, ತಂಬುಳಿ, ಅಪ್ಪೆಹುಳಿ, ಮೇಲೆ ಮಜ್ಜಿಗೆ. ಗೆಳತಿಯೊಬ್ಬಳು ಟೈಮ್ ನೋಡಿದಳು, ಎಂಟೂಕಾಲು. ಅಮ್ಮ ಅವಳ ಎಲೆಗೆ ಇನ್ನೊಂದು ಸೌಟು ಅನ್ನ ಬಡಿಸಿದರು.