ಏಳು ಕೀಲಿಯ ಹೊಳಲೂರು

ಶಿವಮೊಗ್ಗದಿಂದ ಹೊನ್ನಾಳಿ ಕಡೆ ಹೋಗುವ ಬಸ್ಸಿನಿಂದ ಹೊಳಲೂರಲ್ಲಿ ಇಳಿದು ಕೇರಿಯೊಳಗೆ ನಡೆಯಿರಿ. ಅಡಿಕೆ ಕೊಯ್ಲಿನ ಕಾಲ. ಜಗಲಿಯ ಒಂದು ತುದಿಯಲ್ಲಿ ಅಜ್ಜಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಇನ್ನೊಂದು ತುದಿಯಲ್ಲಿ ಲ್ಯಾಪ್‌ಟಾಪ್ ತೆರೆದಿದೆ, ಆದರೆ ಪರದೆ ಕಪ್ಪು. ಕೆಟ್ಟಿದೆ ಅಂದುಕೊಳ್ಳಬೇಡಿ. ನೋಡುವವರೇ ಇಲ್ಲದ ಮೇಲೆ ಬೆಳಕೇಕೆ, ಬ್ಯಾಟರಿಯಾದರೂ ಉಳಿಯಲಿ ಎಂದು ತಗ್ಗಿಸಿಟ್ಟಿದ್ದಾರೆ. ಎದುರು ಕೂತಿರುವ ಪಿಯುಸಿ ಹುಡುಗಿಗೆ ಹುಟ್ಟಿನಿಂದ ಕಣ್ಣು ಕಾಣದು.

ಪಕ್ಕದಲ್ಲಿರುವಾಕೆ ಭಾನುವಾರಗಳಲ್ಲಿ ಶಿವಮೊಗ್ಗದಿಂದ ಬರುವ ಅಕ್ಕ. ವಾರವಿಡೀ ಸಾಫ್ಟ್‌ವೇರ್ ಕೆಲಸ. ಈಗ ಕೈಕಟ್ಟಿ ಕೂತಿದ್ದಾಳೆ, ಬೇಕೆಂದೇ. ಕಲಿಸಲು ಬಂದವರ ಕೈ ಮೌಸ್ ಕಡೆಗೇ ಓಡುತ್ತದೆ. ಸೇವೆಯ ಹೆಸರಲ್ಲಿ ಎಷ್ಟೋ ಪಾಠಗಳು ಕೆಡುವುದು ಅಲ್ಲಿಯೇ.

"ಎಫ್ ಎಲ್ಲೈತೆ ಹುಡುಕು ಪುಟ್ಟಿ."

ಹುಡುಗಿಯ ಎಡಗೈ ತೋರುಬೆರಳು ಕೀಲಿಮಣೆಯ ಮೇಲೆ ಜಾರಿ, ಒಂದು ಸಣ್ಣ ಉಬ್ಬಿನ ಮೇಲೆ ನಿಲ್ಲುತ್ತದೆ. ನಿಮ್ಮ ಕೀಲಿಮಣೆಯಲ್ಲೂ ಆ ಉಬ್ಬಿದೆ, ಎಫ್ ಮತ್ತು ಜೆ ಮೇಲೆ, ಮುಟ್ಟಿ ನೋಡಿ. ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕನ್ನಡ ವಿನ್ಯಾಸದಲ್ಲಿ ಒತ್ತಕ್ಷರ ಕೊಡುವುದು ಇದೇ ಎಫ್. ರಾವ್ ಅದನ್ನು ಯೋಚಿಸಿ ಇಟ್ಟರೋ ಇಲ್ಲವೋ, ಕಾಣದ ಬೆರಳಿಗೆ ಮೊದಲು ಸಿಗುವ ಕೀಲಿಯೇ ಕನ್ನಡಕ್ಕೆ ಪದೇ ಪದೇ ಬೇಕಾಗುವಂಥದ್ದು. ಹುಡುಗಿ 'ಅಮ್ಮ' ಎಂದು ಒತ್ತುತ್ತಾಳೆ: ಎ, ಎಂ, ಎಫ್, ಎಂ. ಸ್ಪೀಕರಿನಿಂದ ಗಂಟಲು ಕಟ್ಟಿದಂಥ ಯಂತ್ರದ ದನಿ: ಅಮ್ಮ. ಆಮೇಲೆ ಊರ ಹೆಸರು. ಏಳೇ ಕೀಲಿ, ಎರಡಕ್ಕೆ ಶಿಫ್ಟ್. ಅಜ್ಜಿ ಸುಲಿಯುವುದನ್ನು ನಿಲ್ಲಿಸಿ ಕೇಳುತ್ತಾರೆ, "ನಮ್ಮೂರ ಹೆಸರೂ ಗೊತ್ತೈತಾ ಅದಕ್ಕೆ?"

ಆ ದನಿಯ ಹಿಂದೆ ಎರಡು ತಂತ್ರಾಂಶಗಳಿವೆ. ಪರದೆಯ ಮೇಲಿರುವುದನ್ನು ಹೆಕ್ಕಿ ಕೊಡುವುದು ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅದನ್ನು ಬರೆಯಲು ಕೂತರು, ಆಮೇಲೆ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣದು. ಆಗ ಇಂಥದ್ದನ್ನು ದುಡ್ಡು ಕೊಟ್ಟು ಕೊಳ್ಳಬೇಕೆಂದರೆ ಕಂಪ್ಯೂಟರಿಗಿಂತ ಅದೇ ದುಬಾರಿ. ಇವರು ಪುಕ್ಕಟೆ ಕೊಟ್ಟರು. ಹೆಕ್ಕಿದ್ದನ್ನು ಉಚ್ಚರಿಸುವುದು ಇ-ಸ್ಪೀಕ್. ಅದರ ಕನ್ನಡವೆಂದರೆ ಯಾವ ಅಕ್ಷರಕ್ಕೆ ಯಾವ ಸದ್ದು ಎಂದು ಬರೆದಿಟ್ಟ ಕಡತಗಳು. ಯಾರು ಬೇಕಾದರೂ ತೆರೆದು ನೋಡಬಹುದು, ತಪ್ಪಿದ್ದರೆ ತಿದ್ದುಪಡಿ ಕಳಿಸಬಹುದು. ಇಂಟರ್‌ನೆಟ್ ಬೇಡ, ಸಿಗ್ನಲ್ ಹೋದರೂ ದನಿ ಹೋಗದು.

ಈಗ ಕಾಲೇಜಿನಿಂದ ವಾಟ್ಸ್‌ಆ್ಯಪಿನಲ್ಲಿ ಬಂದ ಇತಿಹಾಸದ ನೋಟ್ಸ್. ಹುಡುಗಿ ಕಡತ ತೆರೆಯುತ್ತಾಳೆ. ದನಿ ತೊದಲುತ್ತದೆ, ಒಂದು ಪದವೂ ಕನ್ನಡವಲ್ಲ. ಬಲಬಾಣದ ಕೀಲಿ ಒತ್ತುತ್ತ ಅಕ್ಷರ ಅಕ್ಷರವಾಗಿ ಹೋಗುತ್ತಾಳೆ. 'ಕ' ಬರಬೇಕಾದಲ್ಲಿ 'ಪಿ'. 'ನ' ಬರಬೇಕಾದಲ್ಲಿ 'ಪೌಂಡ್'.

"ಇತಿಹಾಸದಾಗೆ ಪೌಂಡ್ ಯಾಕಕ್ಕ? ಬ್ರಿಟಿಷರ ಪಾಠನಾ?"

ಅಕ್ಕನಿಗೆ ನಗು ತಡೆಯಲಾಗುವುದಿಲ್ಲ. ಪರದೆಯ ಬೆಳಕು ಏರಿಸಿ ನೀವೂ ಬಗ್ಗಿ ನೋಡಿ: ಅಲ್ಲಿರುವುದು ಅಚ್ಚುಕಟ್ಟಾದ ಕನ್ನಡವೇ. ಹಳೆಯ ನುಡಿ, ಬರಹ ಅಕ್ಷರಶೈಲಿಗಳು ಬಂದ ಕಾಲದಲ್ಲಿ ಸಾಮಾನ್ಯ ಕಂಪ್ಯೂಟರುಗಳಿಗೆ ಕನ್ನಡವನ್ನು ಕನ್ನಡವಾಗಿಯೇ ತೋರಿಸಲು ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿ ಕೆಲಸ ಸಾಗಿಸಿದರು, ಅದಿಲ್ಲದಿದ್ದರೆ ಕನ್ನಡದ ಡಿಟಿಪಿಯೇ ನಿಂತುಬಿಡುತ್ತಿತ್ತು. ನುಡಿಯ ಆ ಲೆಕ್ಕದಲ್ಲಿ 'ನ' ಕೂತದ್ದು ಪೌಂಡ್ ಚಿಹ್ನೆಯ ಜಾಗದಲ್ಲಿ. ಕಣ್ಣಿಗೆ ಕಾಣುವುದು ಚಿತ್ರ, ಓದುವ ಯಂತ್ರಕ್ಕೆ ಸಿಗುವುದು ಅದರ ಕೆಳಗಿನ ಪೌಂಡ್. ಪ್ರತಿ ಲಿಪಿಗೂ ತನ್ನದೇ ಜಾಗ ಕೊಡುವ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ 128 ಸ್ಥಾನ ಮೀಸಲಿಟ್ಟಿತ್ತು, ಕಂಪ್ಯೂಟರುಗಳು ಅದನ್ನು ಕಲಿತದ್ದು ತಡವಾಗಿ. ಕಲಿತ ಮೇಲೂ ಹಳೆ ರೂಢಿ ಮಾತ್ರ ಬಿಡಲಿಲ್ಲ. ಕಾಣುವವರಿಗೆ ತೊಂದರೆಯೇ ಇಲ್ಲವಲ್ಲ! ಕಂಪ್ಯೂಟರ್ ಲೋಕಕ್ಕೆ ಎಲ್ಲರೂ ಬರಲಿ ಎಂದು ಭಾಷಣ ಮಾಡುವವರು ಸುತ್ತೋಲೆಯನ್ನು ಯಾವ ಅಕ್ಷರಶೈಲಿಯಲ್ಲಿ ಕಳಿಸುತ್ತಾರೆಂದು ನೋಡಿದರೆ ಸಾಕು, ಅವರ ಮನಸ್ಸು ತಿಳಿಯುತ್ತದೆ.

ಅಕ್ಕ ಪರಿವರ್ತಕ ತೆರೆಸುತ್ತಾಳೆ. ಹಳೆ ಸಂಕೇತದ ಕನ್ನಡವನ್ನು ಯೂನಿಕೋಡಿಗೆ ತರುವ ಇಂಥದೊಂದನ್ನು ಅರವಿಂದ ವಿ.ಕೆ. ಬರೆದು, ಕೋಡ್ ಸಮೇತ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಪೂರ್ತಿ ಆಯ್ಕೆ, ಕಾಪಿ, ಪೇಸ್ಟ್, ಎಲ್ಲವೂ ಹುಡುಗಿಯ ಬೆರಳಿನಲ್ಲೇ. ಇನ್ಸರ್ಟ್ ಹಿಡಿದು ಕೆಳಬಾಣ ಒತ್ತಿದ್ದೇ ದನಿ ಹೊರಟಿತು: ಕದಂಬರು, ಬನವಾಸಿ, ಮಯೂರವರ್ಮ.

ಒಂದೆರಡು ಸಾಲು ಕೇಳಿ ಹುಡುಗಿ ಕಂಟ್ರೋಲ್ ಒತ್ತಿ ನಿಲ್ಲಿಸುತ್ತಾಳೆ. "ಇದು ತಪ್ಪು ಹೇಳ್ತು. ನಮ್ಮಜ್ಜಿ ಹಿಂಗೆ ಹೇಳಲ್ಲ."

"ಯಾವ ಪದ? ಬರ್ಕೊ. ಕಳ್ಸೋಣ."

ಅವಳು ಅದನ್ನು ಬರೆದಿಟ್ಟುಕೊಳ್ಳುತ್ತಾಳೆ, ಎಫ್ ಸರಿಯಾಗಿ ಒತ್ತಿ. ಮತ್ತೆ ಓದಿಸುತ್ತ ವೇಗ ಏರಿಸುತ್ತಾಳೆ, ಇನ್ನೂ ಏರಿಸುತ್ತಾಳೆ. ನಿಮಗೀಗ ಕೇಳುವುದು ಬರೀ ಗುರ್ ಗುರ್. ಅಕ್ಕನಿಗೂ ಅಷ್ಟೇ.

"ನಿಧಾನ ಮಾಡೇ, ನಂಗೊಂದೂ ತಿಳೀತಿಲ್ಲ."

"ನಂಗೆ ತಿಳೀತೈತಲ್ಲಕ್ಕ," ಎನ್ನುತ್ತಾ ಹುಡುಗಿ ಮುಂದಿನ ಪುಟಕ್ಕೆ ಹೋಗುತ್ತಾಳೆ.