ಹುಲಿಕಲ್ ಘಾಟಿಯ ಕೆಳಗೆ ಎರಡು ರಾತ್ರಿ

ಗೇರ್ ಆಯಿಲ್ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಬಿಡುವುದಲ್ಲ. ಗಂಧಕದ ಜೊತೆ ಬೆಳ್ಳುಳ್ಳಿ ಸುಟ್ಟಂಥ ವಾಸನೆ ಅದು. ನನ್ನ ಪಾಲಿಗೆ ಆ ವಾಸನೆಯ ಬೆನ್ನಿಗೇ ಮಳೆ ಬರುತ್ತದೆ, ಮಳೆಯ ಬೆನ್ನಿಗೆ ಹೊಸಂಗಡಿಯ ಒಂದು ತಗಡಿನ ಶೆಡ್ಡು ಬರುತ್ತದೆ.

ಪುನರ್ವಸು ಮಳೆಯೋ ಪುಷ್ಯವೋ ಈಗ ಸರಿಯಾಗಿ ನೆನಪಿಲ್ಲ. ನಟ್ಟಿ ನಡೆಯುತ್ತಿತ್ತು ಅನ್ನುವುದು ಮಾತ್ರ ಖಾತ್ರಿ. ದಾರಿಯುದ್ದಕ್ಕೂ ಗದ್ದೆಗಳಲ್ಲಿ ಗೊರಬು ಹೊತ್ತ ಬೆನ್ನುಗಳು ಬಾಗಿದ್ದವು. ನಾನೂ ದೊಡ್ಡಪ್ಪನೂ ಕುಂದಾಪುರದ ಕಡೆಯಿಂದ ಜೀಪಿನ ತುಂಬ ತೆಂಗಿನಕಾಯಿ ಹೇರಿಕೊಂಡು ಘಟ್ಟದ ಮೇಲಿನ ನಮ್ಮೂರಿಗೆ ಹೊರಟಿದ್ದೆವು. ಊರು ಹೊಸನಗರದ ಬಗಲಿನದು. ದೊಡ್ಡಪ್ಪನಿಗೆ ಗಡಿಯಾರ ಬೇಕಿರಲಿಲ್ಲ, ದೂರವನ್ನೆಲ್ಲ ಕವಳದ ಲೆಕ್ಕದಲ್ಲೇ ಹೇಳುತ್ತಿದ್ದ. ಕುಂದಾಪುರದಿಂದ ಮನೆಗೆ ಐದು ಕವಳ. ಎದುರಿಗೆ ಏನೂ ಕಾಣದಾಗುವವರೆಗೂ ವೈಪರ್ ಹಾಕುತ್ತಿರಲಿಲ್ಲ, ಹಾಕಿದರೆ ಗಾಜು ಸವೆಯುತ್ತದೆಂದು ಅವನ ನಂಬಿಕೆ.

ಜೀಪು ವಿಲ್ಲಿಸ್ ವಂಶದ ಹಳೆಯದು, ಮೂರು ಗೇರಿನದು. ಆ ಗೇರ್ ಬಾಕ್ಸಿಗೆ ಟಿ-90 ಅನ್ನುತ್ತಾರೆ. ಎರಡನೇ ಗೇರು ಹಾಕಿದರೆ ತಾನೇ ಕಳಚಿಕೊಳ್ಳುತ್ತಿತ್ತು, ಹಾಗಾಗಿ ಅದಕ್ಕೆ ಹದಿನೈದಿಪ್ಪತ್ತು ದಿನ ಮೊದಲು ಪೇಟೆಯ ಒಂದು ಗ್ಯಾರೇಜಿನಲ್ಲಿ ಬಾಕ್ಸು ಬಿಚ್ಚಿಸಿ ಬೇರಿಂಗು, ಸಿಂಕ್ರೋ ರಿಂಗು ಎಲ್ಲ ಹೊಸದು ಹಾಕಿಸಿದ್ದೆವು. ಗೇರೇನೋ ಬೆಣ್ಣೆಯಂತೆ ಬೀಳುತ್ತಿತ್ತು. ಆದರೆ ಘಾಟಿಯ ಬುಡ ದಾಟಿ ಮೂರನೆಯ ತಿರುವಿಗೆ ಬರುವಷ್ಟರಲ್ಲಿ ಇಂಜಿನ್ ಕೂಗುತ್ತದೆ, ಜೀಪು ಮುಂದೆ ಹೋಗುವುದಿಲ್ಲ. ಸುಟ್ಟ ನಾರಿನ ವಾಸನೆ ಬೇರೆ.

“ಎಂತಾತು ತಮಾ ಇದಕ್ಕೆ?” ಅಂದ ದೊಡ್ಡಪ್ಪ, ಸ್ಟೇರಿಂಗ್ ಸವರುತ್ತ. ಕಾಯಿಲೆ ಬಿದ್ದ ಎತ್ತನ್ನು ಸವರಿದ ಹಾಗೆ.

ಚಂಡಿಕಾಂಬೆಯ ಗುಡಿ ಇನ್ನೂ ಮೇಲಿತ್ತು. ಹುಲಿಕಲ್ ಮಳೆಯೆಂದರೆ ಕೇಳಬೇಡಿ, ನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಅದೂ ಒಂದು. ಅಂಥ ಮಳೆಯಲ್ಲಿ ಕಲ್ಲು ಕೊಟ್ಟು, ಹಿಂದೆ ಮುಂದೆ ಮಾಡಿ, ಹೇಗೋ ಜೀಪು ತಿರುಗಿಸಿ ಹೊಸಂಗಡಿಗೆ ಇಳಿದೆವು. ವಾರಾಹಿಯ ನೆಲದಡಿಯ ವಿದ್ಯುದಾಗಾರ ಇರುವುದು ಅಲ್ಲಿಯೇ. ಅದನ್ನು ಕಟ್ಟುವ ಕೆಲಸ ನಡೆಯುವಾಗ ಬಂದ ಲಾರಿ, ಟಿಪ್ಪರುಗಳನ್ನೆಲ್ಲ ರಿಪೇರಿ ಮಾಡಿ ಕೈ ಪಳಗಿದ ಒಬ್ಬ ಮೇಸ್ತ್ರಿ ರಸ್ತೆ ಬದಿಯಲ್ಲೇ ಶೆಡ್ಡು ಹಾಕಿಕೊಂಡಿದ್ದರು. ಸಣ್ಣ ಆಳು, ತಲೆಗೆ ಮುಟ್ಟಾಳೆ. ಯಾವ ಸಾಮಾನು ಕೈಗೆತ್ತಿಕೊಂಡರೂ ಮೊದಲು ಮೂಸುವುದು ಅವರ ಅಭ್ಯಾಸ. ಜೀಪಿನಡಿ ತೂರಿ, ಕ್ಲಚ್ ಹೌಸಿಂಗಿನ ತಳಕ್ಕೆ ಬೆರಳು ಹಚ್ಚಿ ಮೂಸಿ ಹೊರಗೆ ಬಂದರು.

“ಕ್ಲಚ್ಚಿಗೆ ಗೇರ್ ಆಯಿಲ್ ಇಳಿದಿತ್ ಭಟ್ರೆ. ಬಾಕ್ಸ್ ಇಳಿಸ್ದೆ ಆತಿಲ್ಲೆ.”

ದೊಡ್ಡಪ್ಪ ಒಂದು ಕವಳ ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ “ಇಳಿಸಿ” ಅಂದ.

ಬಾಕ್ಸು ಇಳಿಸಿ ಹಲಗೆಯ ಮೇಲಿಟ್ಟಾಗ ರಾತ್ರಿಯಾಗಿತ್ತು. ಕರೆಂಟಿರಲಿಲ್ಲ. ಪೆಟ್ರೋಮ್ಯಾಕ್ಸ್ ಹಿಡಿದುಕೊಳ್ಳುವ ಕೆಲಸ ನನಗೆ ಬಂತು. ಎಲ್ಲ ಜೋಡಣೆಯಲ್ಲೂ ಸಿಲಿಕಾನ್ ಅಂಟು ಹೊರಗೆ ಉಕ್ಕಿ, ಒಣಗಿ, ಹುಳುವಿನ ಹಾಗೆ ನಿಂತಿತ್ತು. ಮೇಸ್ತ್ರಿ ಅದನ್ನು ಉಗುರಿನಲ್ಲಿ ಎಬ್ಬಿಸಿ ತೋರಿಸಿದರು. “ಹೊರಗೆ ಇಷ್ಟ್ ಬಂದಿತ್ ಅಂದ್ರೆ ಒಳಗೂ ಇಷ್ಟೇ ಹೋಯಿತ್ ಮಾಣಿ. ಹೊರಗಿಂದ್ ಕಾಂತ್, ಒಳಗಿಂದ್ ಕಾಣೂದಿಲ್ಲ.”

ಮುಂದಿನ ಬೇರಿಂಗಿನ ಮುಚ್ಚಳ ಬಿಚ್ಚಿದಾಗ ಸಂಗತಿ ಕಣ್ಣಿಗೆ ಕಂಡಿತು. ಇಂಜಿನ್ನಿನ ಕಡೆಯಿಂದ ಬರುವ ಶಾಫ್ಟು ಬಾಕ್ಸಿನೊಳಗೆ ಹೋಗುವುದು ಆ ಮುಚ್ಚಳದ ಮೂಲಕ. ಬೇರಿಂಗು ತಿರುಗುವಾಗ ಸ್ವಲ್ಪ ಆಯಿಲು ಅದನ್ನು ದಾಟಿ ಮುಂದಕ್ಕೆ ಬಂದೇ ಬರುತ್ತದೆ. ಅದು ಮರಳಿ ಬಾಕ್ಸಿಗೆ ಇಳಿಯಲೆಂದು ಕೆಳಬದಿಯಲ್ಲಿ ಒಂದು ಸಣ್ಣ ತೂತಿದೆ. ಕಾಗದದ ಪ್ಯಾಕಿಂಗಿನಲ್ಲೂ ಆ ತೂತಿಗೆ ಸರಿಯಾಗಿ ಒಂದು ಕಿಂಡಿ ಇರಬೇಕು. ಪೇಟೆಯ ಹುಡುಗ ಪ್ಯಾಕಿಂಗೇ ಹಾಕದೆ ಅದರ ಜಾಗಕ್ಕೆ ಸಿಲಿಕಾನ್ ಬಳಿದಿದ್ದ. ಬೋಲ್ಟು ಬಿಗಿದಾಗ ಅಂಟು ಒಳಕ್ಕೆ ಜಾರಿ ಆ ತೂತಿಗೆ ಬಿರಡೆಯಾಗಿ ಕೂತಿತ್ತು. ಹಿಂದಕ್ಕೆ ಹೋಗಲು ದಾರಿಯಿಲ್ಲದ ಆಯಿಲು ಶಾಫ್ಟಿನಗುಂಟ ಮುಂದೆ ಬಂದು ಕ್ಲಚ್ ಪ್ಲೇಟನ್ನು ನೆನೆಸಿತ್ತು. ಸೋರಬಾರದೆಂದು ಹಾಕಿದ ಅಂಟೇ ಸೋರಿಸಿತ್ತು. ಆ ಹುಡುಗನ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ. ಈ ಕೆಲಸ ಅವನಿಗೆ ಯಾರೂ ಪಕ್ಕದಲ್ಲಿ ನಿಂತು ಹೇಳಿಕೊಟ್ಟಿರಲಾರರು.

ಮೇಸ್ತ್ರಿಯ ಹೆಂಡತಿ ಊಟಕ್ಕೆ ಕರೆದರು. ಹಲಸಿನೆಲೆಯ ಕೊಟ್ಟೆ ಕಡುಬು, ಶುಂಠಿ ಚಟ್ನಿ, ಮಿಡಿ ಉಪ್ಪಿನಕಾಯಿ. ಆವಿಯಲ್ಲಿ ಬೆಂದ ಹಲಸಿನೆಲೆಯ ಪರಿಮಳಕ್ಕೆ ಸಮನಾದದ್ದು ಮಳೆಗಾಲದಲ್ಲಿ ಮತ್ತೊಂದಿಲ್ಲ. ನಾನು ನಾಲ್ಕು ತಿಂದೆ, ದೊಡ್ಡಪ್ಪ ಎಷ್ಟು ತಿಂದ ಅಂತ ಲೆಕ್ಕ ಇಡಲಿಲ್ಲ. ಮೇಸ್ತ್ರಿ ತಮ್ಮ ಎಲೆಯ ಕೊಟ್ಟೆಯನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. ನಾಲ್ಕು ಎಲೆ, ನಾಲ್ಕು ಕಡ್ಡಿ, ಒಂದು ತೊಟ್ಟು ಅಂಟಿಲ್ಲ. ಆದರೂ ಹಿಟ್ಟು ಸೋರುವುದಿಲ್ಲ. ಎಲೆಯ ಮೇಲೆ ಎಲೆ ಸಮನಾಗಿ ಕೂತಿದೆ, ಅದಕ್ಕೆ. ಎಲೆ ಹರಿದಿದ್ದರೆ ಎಷ್ಟು ಕಡ್ಡಿ ಚುಚ್ಚಿದರೂ ಇಲ್ಲ. ಗೇರ್ ಬಾಕ್ಸಿನಲ್ಲೂ ತಡೆಯುವುದು ಲೋಹದ ಮುಖ. ಅಂಟು ಇರುವುದು ಕಣ್ಣಿಗೆ ಕಾಣದ ಸಂದು ತುಂಬುವುದಕ್ಕೆ ಮಾತ್ರ.

ಹಾಗಾಗಿ ಮರುದಿನ ಪೂರ್ತಿ ಒರೆಸುವ ಕೆಲಸ. ಕ್ಲಚ್ ಪ್ಲೇಟು ತರಲು ದೊಡ್ಡಪ್ಪ ಮೊದಲ ಬಸ್ಸಿಗೆ ಕುಂದಾಪುರಕ್ಕೆ ಹೋದ. ನಾನು ಬಿದಿರ ಚಕ್ಕೆ ಹಿಡಿದು ಹಳೇ ಅಂಟು ಕೆರೆದೆ. ಕಬ್ಬಿಣದ ಉಳಿ ತಾಗಿಸಿದರೆ ಗೀರು ಬೀಳುತ್ತದೆ, ಗೀರಿನಲ್ಲಿ ಆಯಿಲು ದಾರಿ ಹುಡುಕುತ್ತದೆ. ಬೋಲ್ಟಿನ ತೂತುಗಳ ಸುತ್ತ ಲೋಹ ಉಬ್ಬಿ ನಿಂತಲ್ಲಿ ಮೇಸ್ತ್ರಿ ನಯವಾದ ಅರದಿಂದ ಮೆಲ್ಲಗೆ ಉಜ್ಜಿದರು. ಕೊನೆಗೆ ತಿನ್ನರಿನಲ್ಲಿ ಅದ್ದಿದ ಬಿಳಿ ಬಟ್ಟೆ. ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೂ ಒರೆಸಬೇಕು, ಆಯಿಲಿನ ಪಸೆ ಇದ್ದರೆ ಯಾವ ಅಂಟೂ ಹಿಡಿಯುವುದಿಲ್ಲ.

ಪ್ಯಾಕಿಂಗ್ ಶೀಟನ್ನು ಅವರು ಅಡುಗೆಮನೆಯ ಅಟ್ಟದಿಂದ ಇಳಿಸಿ ತಂದರು. ಒಲೆಯ ಮೇಲಿನ ಅಟ್ಟ. ಮಳೆಗಾಲದಲ್ಲಿ ಕಾಗದ ಥಂಡಿ ಕುಡಿದು ಹಿಗ್ಗುತ್ತದೆ, ಹಿಗ್ಗಿದಾಗ ಕತ್ತರಿಸಿದ್ದು ಒಣಗಿದ ಮೇಲೆ ತೂತಿಗೆ ತೂತು ಕೂಡುವುದಿಲ್ಲ. ಮುಚ್ಚಳದ ಮೇಲೆ ಶೀಟಿಟ್ಟು ಅಂಚಿಗೆ ಸುತ್ತಿಗೆಯಿಂದ ಟಕಟಕ ತಟ್ಟಿ ಅವರು ಪ್ಯಾಕಿಂಗ್ ಕೊಯ್ಯುವುದು ನೋಡಬೇಕಿತ್ತು. ಎಲೆ ಹಚ್ಚಿದಷ್ಟು ಹಗುರ. ಕೆಲವರು ಮದುವೆ ಕಾಗದದಲ್ಲೂ ಕೊಯ್ಯುತ್ತಾರೆ. ಇವರು ಒಪ್ಪುತ್ತಿರಲಿಲ್ಲ. ಬೇರಿಂಗಿನ ಮುಚ್ಚಳದ ಅಡಿಯ ಪ್ಯಾಕಿಂಗಿಗೆ ದಪ್ಪದ ಲೆಕ್ಕವಿದೆ. ದಪ್ಪವಾದರೆ ಶಾಫ್ಟು ಹಿಂದೆ ಮುಂದೆ ಆಡುತ್ತದೆ, ಪ್ಯಾಕಿಂಗೇ ಇಲ್ಲದಿದ್ದರೆ ಮುಚ್ಚಳ ಬೇರಿಂಗನ್ನು ಒತ್ತಿ ಹಿಡಿಯುತ್ತದೆ. ಅಂಥ ಕಡೆ ಕಾಗದದ ಬದಲು ಅಂಟು ಸಲ್ಲದು.

ಆ ಕಾಗದಕ್ಕೂ ಮುಚ್ಚಳದ ಬದಿಯಲ್ಲಿ ಮಾತ್ರ ತೆಳುವಾಗಿ ಶೆಲ್ಯಾಕ್ ಸವರಿದರು, ಬಾಕ್ಸಿನ ಬದಿಗೆ ಬರೀ ಗ್ರೀಸು. ಮುಂದೆ ಯಾರಾದರೂ ಬಿಚ್ಚುವಾಗ ಹರಿಯದೆ ಬರಲಿ ಎಂದು. ಶೆಲ್ಯಾಕ್ ಅಂದರೆ ನಮ್ಮ ಅರಗೇ, ಸ್ಪಿರಿಟ್ಟಿನಲ್ಲಿ ಕರಗಿಸಿದ್ದು. ಪಾಂಡವರ ಮನೆಗೆ ಬಳಸಿದ ಅರಗು, ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅರಗು. ಮರದ ಕೊಂಬೆಗೆ ಕಚ್ಚಿಕೊಂಡ ಒಂದು ಸಣ್ಣ ಹುಳು ಅದನ್ನು ಸ್ರವಿಸುತ್ತದೆ. ಆಯಿಲಿಗೆ ಪೆಟ್ರೋಲಿಗೆ ಅದು ಕರಗುವುದಿಲ್ಲ. ಆದರೆ ಒಣಗಿದರೆ ಗಾಜಿನಂತೆ ಗಟ್ಟಿ, ಅಲುಗುವ ಕಡೆ ಬಿರುಕು ಬಿಡುತ್ತದೆ. ಅರಗಿನ ಮಾತು ಬಂದರೆ ನಾನು ದಾರಿ ತಪ್ಪುತ್ತೇನೆ, ಇರಲಿ.

ಕಾಗದ ಇಲ್ಲದೆ ಲೋಹಕ್ಕೆ ಲೋಹವೇ ಕೂರುವ ಜೋಡಣೆಗೆ ಮೇಸ್ತ್ರಿ ಪೆಟ್ಟಿಗೆಯಿಂದ ಬೇರೊಂದು ಸೀಸೆ ತೆಗೆದರು. ಹೊಸ ಸೀಸೆ, ಒಳಗೆ ಮುಕ್ಕಾಲು ಮಾತ್ರ ತುಂಬಿತ್ತು. ಅಂಗಡಿಯವ ಕಡಿಮೆ ಕೊಟ್ಟಿದ್ದಾನೆ ಅಂದೆ. ಹಾಗಲ್ಲ, ಇದಕ್ಕೆ ಉಸಿರಾಡಲು ಗಾಳಿ ಬೇಕು ಅಂದರು. ಉಳಿದ ಅಂಟೆಲ್ಲ ಗಾಳಿಗೆ ಒಣಗಿದರೆ ಇದು ಗಾಳಿ ಇರುವಷ್ಟು ಹೊತ್ತು ಹಸಿಯಾಗಿಯೇ ಇರುತ್ತದೆ. ಎರಡು ಲೋಹದ ನಡುವೆ ಗಾಳಿ ಸಿಗದೆ ಸಿಕ್ಕಿಬಿದ್ದಾಗ ಗಟ್ಟಿಯಾಗುತ್ತದೆ. ಒಳಕ್ಕೆ ಉಕ್ಕಿದ ಚೂರು ಹಸಿಯಾಗಿಯೇ ಉಳಿದು ಆಯಿಲಿನಲ್ಲಿ ಬೆರೆತುಹೋಗುತ್ತದೆ, ತೂತು ಕಟ್ಟುವುದಿಲ್ಲ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ವರ್ನನ್ ಕ್ರೀಬಲ್ 1953ರಲ್ಲಿ ಇದನ್ನು ಕಂಡುಹಿಡಿದರೆಂದು ಎಷ್ಟೋ ವರ್ಷದ ಮೇಲೆ ಓದಿದೆ. ಗ್ಯಾರೇಜುಗಳಲ್ಲಿ ಲಾಕ್‌ಟೈಟ್ ಅನ್ನುವುದು ಅಲ್ಲಿಂದ ಬಂದದ್ದು. ಆದರೆ ಕಾಲು ಮಿಲಿಮೀಟರಿಗಿಂತ ದೊಡ್ಡ ಸಂದಿದ್ದರೆ ಇದು ಸಾಲದು, ಬಾಗುವ ತಗಡಿಗಂತೂ ಬೇಡವೇ ಬೇಡ.

ಹಾಗಾದರೆ ಸಿಲಿಕಾನ್ ದಂಡವೇ ಅಂತ ಕೇಳಿದೆ. ಮೇಸ್ತ್ರಿಗೆ ಅದರ ಮೇಲೂ ದ್ವೇಷವಿರಲಿಲ್ಲ. ಅಡಿಯ ತಗಡಿನ ಮುಚ್ಚಳಕ್ಕೆ ಅದನ್ನೇ ಹಾಕಿದರು. ತಗಡು ಬಾಗುತ್ತದೆ, ನಡುಗುತ್ತದೆ. ಅದರ ಜೊತೆ ತಾನೂ ಬಳುಕುವ ಅಂಟೇ ಅಲ್ಲಿಗೆ ಬೇಕು. ಅಕ್ಕಿಶ್ಯಾವಿಗೆ ಎಳೆಯಷ್ಟು ಸಣ್ಣಗೆ, ಪ್ರತಿ ಬೋಲ್ಟಿನ ತೂತಿನ ಒಳಬದಿಯಿಂದ ಸುತ್ತಿಸಿ ಒಂದೇ ಗೆರೆ. ಹುಳಿ ವಾಸನೆ ಶೆಡ್ಡು ತುಂಬಿತು. “ಬೇಗ ಕೂರ್ಸ್ ಮಾಣಿ, ಮಳ್ಗಾಲ!” ಅಂದರು. ಸಿಲಿಕಾನ್ ಗಟ್ಟಿಯಾಗುವುದು ಗಾಳಿಯ ತೇವದಿಂದ. ಬೇಸಿಗೆಯಲ್ಲಿ ನಿಧಾನಿಸಿದರೆ ನಡೆಯುತ್ತದೆ, ಪುಷ್ಯ ಮಳೆಯಲ್ಲಿ ಕೆಲವೇ ನಿಮಿಷಕ್ಕೆ ಕೆನೆ ಕಟ್ಟುತ್ತದೆ. (ಪುಷ್ಯ ಅಂತಲೇ ಅಂದರು, ಈಗ ನೆನಪಾಯಿತು.) ಬೋಲ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಸ್ವಲ್ಪ ಬಿಟ್ಟು, ಆಮೇಲೆ ಎದುರುಬದಿರಾಗಿ ಒಂದೊಂದೇ ಬಿಗಿದೆವು. ಒಳಗಿನವರೆಗೆ ತೂತು ಹೋದ ಬೋಲ್ಟುಗಳ ಮರೆಗೂ ಒಂದಿಷ್ಟು ಅಂಟು, ಇಲ್ಲದಿದ್ದರೆ ಆಯಿಲು ಆ ಮರೆಯನ್ನೇ ಏಣಿ ಮಾಡಿಕೊಂಡು ಹೊರಬರುತ್ತದೆ. ಕೊನೆಯಲ್ಲಿ ಬಾಕ್ಸಿನ ಉಸಿರುಕಿಂಡಿಗೆ ತಂತಿ ತೂರಿಸಿ ನೋಡಿದರು. ಕೆಸರು ಕಟ್ಟಿತ್ತು. ಬಿಸಿಯಾದ ಬಾಕ್ಸಿಗೆ ಉಸಿರು ಬಿಡಲು ದಾರಿಯಿಲ್ಲದಿದ್ದರೆ ಎಂಥ ಒಳ್ಳೆ ಸೀಲನ್ನೂ ಆಯಿಲು ದೂಡಿಕೊಂಡು ಬರುತ್ತದೆ.

ಸಂಜೆಗೆ ದೊಡ್ಡಪ್ಪ ಪ್ಲೇಟು ತಂದ, ಜೊತೆಗೆ ಒಂದು ಪೊಟ್ಟಣ ಗೋಳಿಬಜೆ, ಆರಿ ಮೆತ್ತಗಾದದ್ದು. ಅದನ್ನೇ ತಿಂದುಕೊಂಡು ಬಾಕ್ಸು ಏರಿಸಿದೆವು. 90ರ ಆಯಿಲನ್ನು ಮಾತ್ರ ಆ ರಾತ್ರಿ ತುಂಬಲು ಮೇಸ್ತ್ರಿ ಬಿಡಲಿಲ್ಲ, ಅಂಟು ಒಳಗಿನವರೆಗೆ ಕಟ್ಟಲಿ ಅಂದರು. ದೊಡ್ಡಪ್ಪನಿಗೆ ಮನೆಯ ಚಿಂತೆ, ನಟ್ಟಿಯ ಆಳುಗಳ ಚಿಂತೆ. ಆದರೂ ಒತ್ತಾಯ ಮಾಡಲಿಲ್ಲ. ಚಾಪೆಯ ಮೇಲೆ ಮಲಗಿ ತಗಡಿನ ಮೇಲೆ ಮಳೆ ಬೀಳುವುದನ್ನು ಕೇಳಿದೆವು. ಇಬ್ಬರು ಮುದುಕರೂ ಬಹಳ ಹೊತ್ತು ಎತ್ತಿನ ಗಾಡಿಯ ಕಾಲದ ಮಾತಾಡುತ್ತಿದ್ದರು. ನನಗೆ ನಿದ್ದೆ ಬಂತು.

ಬೆಳಿಗ್ಗೆ ಆಯಿಲು ತುಂಬಿ, ತೆಂಗಿನಕಾಯಿ ಸಮೇತ ಚಂಡಿಕಾಂಬೆಯ ಗುಡಿಯವರೆಗೆ ಹತ್ತಿಸಿ, ಕೈಮುಗಿದು, ಶೆಡ್ಡಿಗೆ ಮರಳಿ ತಂದು ನಿಲ್ಲಿಸಿದೆವು. ಮೇಸ್ತ್ರಿ ಹಳೇ ಪೇಪರು ಹಾಸಿ, ಗಂಜಿ ಉಂಡು ಬನ್ನಿ ಅಂದರು. ಉಂಡು ಬಂದು ನೋಡಿದರೆ ಪೇಪರಿನ ನಡುವೆ ಎಂಟಾಣೆ ಅಗಲದ ಒದ್ದೆ ಕಲೆ. ದೊಡ್ಡಪ್ಪನ ಮುಖ ಇಳಿದುಹೋಯಿತು. ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು ಕಲೆಗೆ ಬೆರಳೊತ್ತಿದರು. ಹೆಬ್ಬೆರಳಿಗೆ ತಿಕ್ಕಿದರು. ಮೂಗಿನ ಹತ್ತಿರ ಒಯ್ದು ಕಣ್ಣು ಮುಚ್ಚಿದರು.

“ನೀರ್” ಅಂದರು. “ಘಾಟಿ ನೀರ್. ಚಾಸಿಯಂಗೆ ನಿಂತಿತ್.”

ದೊಡ್ಡಪ್ಪ ಕವಳದ ಸಂಚಿ ಬಿಚ್ಚಿ, ಸುಣ್ಣ ಹಚ್ಚಿದ ಮೊದಲ ಎಲೆಯನ್ನು ಮೇಸ್ತ್ರಿಯ ಕೈಗೆ ಕೊಟ್ಟ.